ಕಾವೇರಿಗೆ ಅಡ್ಡ ನಿಂತ ದಿಣ್ಣೆ

ಶ್ರೀರಂಗಪಟ್ಟಣದಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಆದರೆ ಇಷ್ಟು ದೂರ ಬರುವುದು ಕಾವೇರಿಯ ನೀರಿಗೆ 1930ರ ದಶಕದವರೆಗೆ ಸಾಧ್ಯವಾಗಿರಲಿಲ್ಲ. ಇಂದು ಕಬ್ಬಿನ ಗದ್ದೆ, ಆಲೆಮನೆಗಳಿಗೆ ಹೆಸರಾದ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಹುಭಾಗ ಆಗ ರಾಗಿ, ಜೋಳ, ಹುರುಳಿ ಬೆಳೆದು ಮುಗಿಲು ನೋಡುತ್ತಿದ್ದ ಬೆದ್ದಲು ಸೀಮೆ. ಪಕ್ಕದಲ್ಲೇ ಜೀವನದಿ ಇದ್ದೂ ಹೀಗೇಕೆ? ಇದಕ್ಕೆ ಉತ್ತರ ಅರಮನೆಯ ಕಡತಗಳಿಗಿಂತ ಹೆಚ್ಚಾಗಿ ನೆಲದ ಏರಿಳಿತದಲ್ಲಿದೆ.

ನೀರು ತಗ್ಗು ಹುಡುಕುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಬಹುಕಾಲ ಹರಿದ ನದಿ ತನ್ನ ತಗ್ಗನ್ನು ತಾನೇ ಕೊರೆದುಕೊಳ್ಳುತ್ತದೆ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಹಾಗೆ ಕೊರೆದ ಎರಡು ಕಣಿವೆಗಳ ನಡುವೆ ಉಳಿಯುವ ದಿಣ್ಣೆಯೇ ಎರಡು ನೀರಿನ ಗಡಿ. ಮಂಡ್ಯದ ಮೇಲೆ ಸುರಿದ ಮಳೆ ಶ್ರೀರಂಗಪಟ್ಟಣದತ್ತ ತಿರುಗುವುದಿಲ್ಲ. ಅದು ಹೆಬ್ಬಳ್ಳ ಸೇರಿ, ಅಲ್ಲಿಂದ ಶಿಂಷಾ ನದಿಗೆ ಇಳಿದು, ಶಿವನಸಮುದ್ರದ ಜಲಪಾತಗಳಿಂದಲೂ ಕೆಳಗೆ ಕಾವೇರಿಯನ್ನು ಕೂಡುತ್ತದೆ. ಅಂದರೆ ಈ ಸೀಮೆಯ ನಿಜವಾದ ನದಿ ಶಿಂಷಾ.

ಹಿಂದೆ ಕದಂಬ ನದಿಯೆಂದೂ ಕರೆಸಿಕೊಂಡಿದ್ದ ಶಿಂಷಾ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಮಾರ್ಕೋನಹಳ್ಳಿ ಜಲಾಶಯ ದಾಟಿ ಮದ್ದೂರಿಗೆ ಬರುತ್ತದೆ. ಕೊಡಗಿನ ಮುಂಗಾರು ಇದಕ್ಕಿಲ್ಲ. ಬಯಲುಸೀಮೆಯ ಮಳೆಯೇ ಇದರ ಬಂಡವಾಳ. ಮಳೆ ಬಂದಾಗ ಕೆಂಪು ನೀರು ಉಕ್ಕಿಸಿ, ಬೇಸಿಗೆಯಲ್ಲಿ ಮರಳಿನೊಳಗೆ ಅಡಗುವ ಹೊಳೆ. ಹಿಂದಿನವರು ಇದಕ್ಕೆ ಅಣೆ ಕಟ್ಟಿ ಮದ್ದೂರು ಕೆರೆಗೆ ನೀರು ತಿರುಗಿಸಿದ್ದರು. ಉಳಿದ ಹಳ್ಳಿಗಳು ತಮ್ಮ ಹಳ್ಳಗಳಿಗೆ ಏರಿ ಹಾಕಿ ಕೆರೆ ಮಾಡಿಕೊಂಡಿದ್ದವು. ಮಳೆ ಕೈಕೊಟ್ಟ ವರ್ಷ ಕೆರೆಯೂ ಕೈಕೊಡುತ್ತಿತ್ತು.

ದಿಣ್ಣೆಯ ಆಚೆಗೆ ಸ್ಥಿತಿ ಬೇರೆ. ಮೈಸೂರು ಅರಸರ ಕಾಲದಲ್ಲೇ ಕಾವೇರಿಗೆ ಅಣೆಗಳನ್ನು ಕಟ್ಟಿ ನಾಲೆ ತೆಗೆದಿದ್ದರು. ಬಂಗಾರದೊಡ್ಡಿ ನಾಲೆಯಂತೂ ನದಿಯ ಒಂದು ಕವಲನ್ನೇ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ಒಯ್ಯುತ್ತದೆ. ಆ ಕಾಲಕ್ಕೆ ಅದು ಸಣ್ಣ ಸಾಹಸವಲ್ಲ. ಆದರೂ ಈ ನಾಲೆಗಳೆಲ್ಲ ದಡದ ಆಸುಪಾಸಿನ ಗದ್ದೆಗಳಿಗಷ್ಟೇ. ತಗ್ಗಿನ ಅಣೆಯಿಂದ ಹೊರಟ ನೀರು ದಿಣ್ಣೆ ಹತ್ತುವುದು ಹೇಗೆ?

ದಿಣ್ಣೆ ದಾಟುವ ಕಥೆ ಶುರುವಾದದ್ದು ಅಚ್ಚರಿಯೆಂಬಂತೆ ನದಿಯ ಕೆಳಭಾಗದಲ್ಲಿ, ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ. ಶ್ರೀರಂಗಪಟ್ಟಣದಿಂದ ಮುಂದಕ್ಕೆ ಕಾವೇರಿ ಅವಸರವಿಲ್ಲದ ನದಿ. ಗಟ್ಟಿ ಬಂಡೆ ಎದುರಾದಲ್ಲಿ ಕವಲೊಡೆದು, ದ್ವೀಪ ಬಳಸಿ ಮತ್ತೆ ಕೂಡುತ್ತದೆ. ರಂಗನಾಥನ ಆದಿರಂಗ, ಮಧ್ಯರಂಗ ಎರಡೂ ಇಂಥ ದ್ವೀಪಗಳೇ. ಮಧ್ಯರಂಗವಾದ ಶಿವನಸಮುದ್ರದಲ್ಲಿ ಮಾತ್ರ ಪ್ರಸ್ಥಭೂಮಿ ಒಮ್ಮೆಗೇ ಮುಗಿದು, ನದಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಮುನ್ನೂರು ಅಡಿಗಳಷ್ಟು ಕೆಳಗಿಳಿಯುತ್ತದೆ. ಶಿಂಷಾ ಕೂಡ ಕಾವೇರಿ ಸೇರುವ ಮೊದಲು ಶಿಂಷಾಪುರದ ಬಳಿ ಧುಮುಕಲೇಬೇಕು. ಎರಡು ನದಿಗಳೂ ಒಂದೇ ಅಂಚಿಗೆ ಬಂದು ಬೀಳುವುದು ಆಕಸ್ಮಿಕವಿರಲಾರದು. ಮೈಸೂರು ಪ್ರಸ್ಥಭೂಮಿಯಲ್ಲಿ ಉತ್ತರ-ದಕ್ಷಿಣವಾಗಿ ಹಾದಿರುವ ಸ್ತರಭಂಗಗಳು ಭೂಇತಿಹಾಸದ ಲೆಕ್ಕದಲ್ಲಿ ಇತ್ತೀಚೆಗೆ ಮತ್ತೆ ಅಲುಗಿ, ಕಾವೇರಿ ಬಯಲಿನ ನದಿಗಳನ್ನು ತಡೆದು ದೊಡ್ಡ ಸರೋವರಗಳನ್ನೇ ಸೃಷ್ಟಿಸಿದ್ದವು ಎಂದು ಭೂವಿಜ್ಞಾನಿಗಳಾದ ಕೆ.ಎಸ್. ವಾಲ್ದಿಯಾ ಮತ್ತು ಜಿ. ರಾಜಗೋಪಾಲನ್ 2000ದಲ್ಲಿ ಪ್ರತಿಪಾದಿಸಿದರು. ಆ ಸರೋವರಗಳ ತಳದಲ್ಲಿ ಕೂತ ಜೇಡಿಯೇ ಅವರಿಗೆ ಸಾಕ್ಷಿ.

ಈ ಜಲಪಾತವನ್ನು ಮೈಸೂರು ಸಂಸ್ಥಾನ 1902ರಲ್ಲಿ ದುಡಿಮೆಗೆ ಹಚ್ಚಿತು. ಶಿವನಸಮುದ್ರದ ವಿದ್ಯುತ್ತು ತೊಂಬತ್ತು ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದವು. ವರ್ಷವಿಡೀ ಒಂದೇ ಸಮನೆ ನೀರು ಬೇಕೆಂದರೆ ಮೇಲೆಲ್ಲಾದರೂ ಕಟ್ಟಿ ನಿಲ್ಲಿಸಲೇಬೇಕು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಹಿಂದೆ ನೀರಾವರಿಯಷ್ಟೇ ಈ ವಿದ್ಯುತ್ತಿನ ಚಿಂತೆಯೂ ಇತ್ತು.

ಕಟ್ಟೆ ಎದ್ದ ಮೇಲೆ ದಿಣ್ಣೆಯ ಲೆಕ್ಕ ಬದಲಾಯಿತು. ನದಿಯ ತಳದಿಂದ ಹತ್ತಾರು ಅಡಿ ಎತ್ತರದ ತೂಬಿನಿಂದ ಹೊರಟ ನಾಲೆ ಎತ್ತರವನ್ನು ಕಳೆದುಕೊಳ್ಳದೆ ಎಡದಂಡೆಯುದ್ದಕ್ಕೂ ಸಾಗಬಹುದಾಯಿತು. ಅಷ್ಟಾದರೂ ದಿಣ್ಣೆ ಹತ್ತಲಾಗದೆ, ಹುಲಿಕೆರೆ ಬಳಿ ಅದರ ಹೊಟ್ಟೆಯನ್ನೇ ಕೊರೆದು ಹೆಚ್ಚುಕಡಿಮೆ ಮೂರು ಕಿಲೋಮೀಟರ್ ಸುರಂಗ ಮಾಡಲಾಯಿತು. ಮದರಾಸಿನೊಂದಿಗಿನ 1924ರ ಒಪ್ಪಂದ ಕಟ್ಟೆಯ ಕೆಳಗೆ 1.25 ಲಕ್ಷ ಎಕರೆಗೆ ಹೊಸ ನೀರಾವರಿಯನ್ನು ಒಪ್ಪಿತ್ತು. ಅಂದಿನ ವೈಸರಾಯ್ ಹೆಸರಿನಲ್ಲಿ ಇರ್ವಿನ್ ನಾಲೆಯಾಗಿದ್ದದ್ದು ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು.

ಸುರಂಗದಿಂದ ಹೊರಬಿದ್ದ ಕಾವೇರಿ ಶಿಂಷೆಯ ಸೀಮೆಯನ್ನು ಗುರುತು ಸಿಗದಂತೆ ಬದಲಿಸಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ನೀರಿನ ಜೊತೆ ಮಲೇರಿಯಾ ಬಂತು. ನಾಲೆಯ ಕರಭಾರದ ವಿರುದ್ಧ ರೈತರ ಚಳವಳಿಯೂ ನಡೆಯಿತು. ಗದ್ದೆಗಳಿಂದ ಬಸಿದ ನೀರು ಹೆಬ್ಬಳ್ಳದಂಥ ಹಳ್ಳಗಳಿಗೆ ಇಳಿದು ಬೇಸಿಗೆಯಲ್ಲೂ ಹರಿಯತೊಡಗಿತು. ಬಸಿಯಲು ದಾರಿಯಿಲ್ಲದ ತಗ್ಗುಗಳಲ್ಲಿ ಜೌಗು ಹಿಡಿದು ಉಪ್ಪು ಮೇಲೆದ್ದಿತು. ಹಳ್ಳ ನೂರಾರು ವರ್ಷಗಳಲ್ಲಿ ಕೊರೆದ ದಾರಿ ಮಳೆಯ ಲೆಕ್ಕದ್ದು, ನಾಲೆಯ ಲೆಕ್ಕದ್ದಲ್ಲ. ಶಿಂಷೆಯ ಮರಳಿಗೂ ಆಮೇಲೆ ಬೆಲೆ ಬಂದು, ನೀರು ಹಿಡಿದಿಡುತ್ತಿದ್ದ ಆ ಹಾಸು ಲಾರಿಗಳಲ್ಲಿ ಸಾಗಿಹೋಯಿತು.

ಈ ಎಲ್ಲಕ್ಕೂ ನೆಪವಾದ ಜಲಪಾತವಿರುವ ಮಳವಳ್ಳಿಯೇ ನಾಲೆಯ ಕೊನೆಯ ಭಾಗ. ಕಟ್ಟೆಯಲ್ಲಿ ನೀರು ಕಡಿಮೆಯಾದ ವರ್ಷ ಮೊದಲು ಒಣಗುವುದು ಇಲ್ಲಿನ ಗದ್ದೆ. ತಾಲ್ಲೂಕಿನ ದಕ್ಷಿಣದಂಚಿನಲ್ಲಿ ಕಾವೇರಿ ಹರಿಯುತ್ತದೆ ನಿಜ, ಆದರೆ ಹೊಲಗಳಿಗಿಂತ ಬಹಳ ಕೆಳಗೆ. ಅದನ್ನು ಮೇಲೆತ್ತಲು ಆಗುವುದಿಲ್ಲವೆಂದೇನಲ್ಲ. ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದಲೂ ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದ, ಐನೂರು ಮೀಟರಿನಷ್ಟು ಎತ್ತರದ ಬೆಂಗಳೂರಿಗೆ ಪಂಪು ಮಾಡಲಾಗುತ್ತಿದೆ. 2024ರ ಅಕ್ಟೋಬರಿನಲ್ಲಿ ಆ ಯೋಜನೆಯ ಐದನೇ ಹಂತಕ್ಕೆ ಚಾಲನೆ ದೊರೆತದ್ದೂ ಇಲ್ಲಿಯೇ. ನಾಲೆಯ ಕೊನೆಯ ರೈತ ಮಾತ್ರ ಹುಲಿಕೆರೆ ಸುರಂಗ ದಾಟಿ ಬರಬೇಕಾದ ನೀರಿಗಾಗಿ ತನ್ನ ಸರದಿ ಕಾಯುತ್ತಾನೆ.