ಪಿಂಜಾರರ ಕಮಾನು ಮತ್ತು ನಮ್ಮ ಹಿರಿಯರ 'ಆಗಿನ ಕಾಲ'



ಜುಮಾ ನಮಾಜು ಮುಗಿದ ಮೇಲೆ ಹಿರಿಯರು ಮಸೀದಿಯ ಕಟ್ಟೆಗೆ ಕುಳಿತರೆಂದರೆ ಮಾತು ತಿರುಗಿ ತಿರುಗಿ ಒಂದೇ ಕಡೆ ಬರುತ್ತದೆ. 'ಆಗಿನ ಕಾಲ ಚಲೋ ಇತ್ತು ಹಜರತ್, ಈಗ ರೊಕ್ಕ ಐತಿ, ಬರಕತ್ ಇಲ್ಲ.' ತಳಕಲ್ಲಿನಲ್ಲಿ ಈ ಮಾತು ಕೇಳುತ್ತೇವೆ, ಕುಕನೂರಿನಲ್ಲಿ ಕೇಳುತ್ತೇವೆ, ಕೊಪ್ಪಳಕ್ಕೆ ಹೋದರೆ ಅಲ್ಲಿಯೂ ಕೇಳುತ್ತೇವೆ. ಹೇಳುವವರು ಸುಳ್ಳು ಹೇಳುವವರಲ್ಲ. ಆದರೆ ಅವರು ಹೇಳುವ 'ಆಗಿನ ಕಾಲ' ಯಾವ ಇಸವಿಯದು ಎಂದು ವಿಚಾರಿಸುತ್ತ ಹೋದರೆ ಬಹಳ ಸಂಗತಿಗಳು ಹೊರಬರುತ್ತವೆ. ಎಪ್ಪತ್ತು ವರ್ಷದವರು 1970ರ ದಶಕ ಎನ್ನುತ್ತಾರೆ. ಆ ದಶಕದಲ್ಲಿ ಎಪ್ಪತ್ತು ವರ್ಷವಾಗಿದ್ದವರು ನಿಜಾಮರ ಕಾಲ ಎನ್ನುತ್ತಿದ್ದರು. ಈ ತಿಂಗಳು ನಮ್ಮ ಭಾಗದ ಒಂದು ಕಸುಬಿನ ಚರಿತ್ರೆಯನ್ನು ಇಟ್ಟುಕೊಂಡು ಈ ಮಾತನ್ನು ನೋಡೋಣ. ಅದು ಹತ್ತಿ ಹಿಂಜುವ ಕಸುಬು, ಪಿಂಜಾರರ, ನದಾಫರ ಕಸುಬು.

ನಲವತ್ತು ದಾಟಿದವರಿಗೆ ಪಿಂಜಾರರ ಕಮಾನು ನೆನಪಿದ್ದೀತು. ಆಳುದ್ದದ ಮರದ ಬಿಲ್ಲು, ಅದಕ್ಕೆ ಬಿಗಿದು ಕಟ್ಟಿದ ಪ್ರಾಣಿಯ ನರದ ತಂತಿ, ಕೈಯಲ್ಲಿ ಆ ತಂತಿಯನ್ನು ಮೀಟಲು ಒಂದು ಮರದ ಗುಂಡು. ಕಮಾನನ್ನು ಹೆಗಲಿಗೆ ಹಾಕಿಕೊಂಡು ಸುಗ್ಗಿಯ ನಂತರ ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಯಾರ ಮನೆಯ ಗಾದಿಯೋ ಅವರ ಪಡಸಾಲೆಯಲ್ಲಿಯೇ ಕೆಲಸ. ಹಳೆಯ ಗಾದಿಯ ಹೊಲಿಗೆ ಬಿಚ್ಚಿ, ಗಟ್ಟಿಯಾಗಿ ಗಂಟುಗಟ್ಟಿದ ಅರಳೆಯನ್ನು ಹೊರಗೆ ಸುರಿದು, ತಂತಿಯನ್ನು ಅದರೊಳಗೆ ಆಡಿಸಿ ಮೀಟಿದರೆ ಅರಳೆ ಎಳೆ ಎಳೆಯಾಗಿ ಬಿಡಿಸಿಕೊಂಡು ಹಾರುತ್ತಿತ್ತು. ಕಸ ಕೆಳಗೆ ಉದುರುತ್ತಿತ್ತು. ಆಮೇಲೆ ಅದನ್ನು ಮತ್ತೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದೊಡ್ಡ ಸೂಜಿಯಿಂದ ಅಲ್ಲಲ್ಲಿ ಟಾಕು ಹಾಕುತ್ತಿದ್ದರು. ಮನೆಯವರ ಹತ್ತಿ, ಮನೆಯವರ ಕಣ್ಣೆದುರಿಗೇ ಕೆಲಸ. ತೂಕದಲ್ಲಿ ಮೋಸವಿಲ್ಲ, ಬೆರಕೆಯಿಲ್ಲ. ಕೂಲಿ ಹೆಚ್ಚಾಗಿ ಜೋಳ, ಕೆಲವೊಮ್ಮೆ ರೊಕ್ಕ. ಕಮಾನಿನ ಸದ್ದು ಓಣಿಯ ತುದಿಗೆ ಕೇಳಿದರೆ ಹುಡುಗರು ಓಡಿ ಬರುತ್ತಿದ್ದರು. ಮದುವೆ ಮನೆಯ ಹೊಸ ಗಾದಿ, ಬಾಣಂತಿಯ ಗಾದಿ, ಹಿಂದೂ ಮನೆಯದಿರಲಿ ಮುಸಲ್ಮಾನರ ಮನೆಯದಿರಲಿ, ಪಿಂಜಾರರ ಕೈಯಿಂದಲೇ ಆಗಬೇಕಿತ್ತು. ಹಿರಿಯರು 'ಬರಕತ್' ಎಂದು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಇಂಥ ವ್ಯವಹಾರವೇ ಎಂದು ನಮಗೆ ಅನಿಸುತ್ತದೆ. ದುಡಿಮೆಗಾರ ಯಾರು, ಬಳಸುವವರು ಯಾರು ಎಂಬುದು ಇಬ್ಬರಿಗೂ ಗೊತ್ತಿತ್ತು.

ಇನ್ನು ಈ ಕಸುಬು ಇಲ್ಲಿ ಇಷ್ಟು ಬೇರೂರಿದ್ದು ಏಕೆ? ಗದಗ, ರೋಣ, ಕುಕನೂರು, ಯಲಬುರ್ಗಾ ಸೀಮೆಯ ಎರೆಭೂಮಿಯಲ್ಲಿ ಹತ್ತಿ ಹಳೆಯ ಬೆಳೆ. ನಮ್ಮ ನಾಡಿನ ಗಿಡ್ಡ ಎಳೆಯ ಹತ್ತಿ ಗಾದಿಗೆ ಬಲು ಯೋಗ್ಯ, ಏಕೆಂದರೆ ಅದು ಒತ್ತಿದರೂ ಮತ್ತೆ ಉಬ್ಬುತ್ತದೆ. 1840ರ ದಶಕದಲ್ಲಿ ಇಂಗ್ಲಿಷರು ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಬೀಜ ಬಿತ್ತಿಸಿದರು, ಬೀಜ ಬಿಡಿಸುವ ಯಂತ್ರ ತಂದರು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ನಮ್ಮ ಕಡೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಸಾಲ ಮಾಡಿ ಬಿತ್ತಿದವರು ಕಂಗಾಲಾದರು. ದೂರದೇಶದ ಸುದ್ದಿಯಿಂದ ಇಲ್ಲಿಯ ಮನೆ ಮುಳುಗುವುದು ಮೊಬೈಲು ಬಂದ ಮೇಲೆ ಶುರುವಾದದ್ದು ಎಂದು ಯಾರಾದರೂ ತಿಳಿದಿದ್ದರೆ ಈ ಇಸವಿಗಳನ್ನು ಗುರುತು ಹಾಕಿಕೊಳ್ಳಬೇಕು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದ ಮೇಲೆ ಗದಗಿನ ಪೇಟೆ ಇನ್ನಷ್ಟು ಬೆಳೆಯಿತು.

ತಳಕಲ್ಲಿನಿಂದ ಗದಗು ದೂರವಲ್ಲ. ಆದರೆ ಆಗ ಅದು ಬೇರೆ ರಾಜ್ಯ. ಗದಗು ಮುಂಬಯಿ ಇಲಾಖೆಯಲ್ಲಿ, ನಾವು ಹೈದರಾಬಾದು ನಿಜಾಮರ ಸೀಮೆಯಲ್ಲಿ. ಅದರೊಳಗೂ ಕೊಪ್ಪಳ ಮತ್ತು ಯಲಬುರ್ಗಾ ತಾಲೂಕುಗಳು ಸಾಲಾರ್ ಜಂಗ್ ಮನೆತನದ ಜಾಗೀರು. ಗಡಿಯಲ್ಲಿ ಸುಂಕದ ಚೌಕಿ, ಜನರ ಬಾಯಲ್ಲಿ 'ಕರೋಡಗಿರಿ'. ರೊಕ್ಕವೂ ಬೇರೆ. ಇಂಗ್ಲಿಷರ 100 ರೂಪಾಯಿಗೆ ನಮ್ಮ ಹಾಲಿ ಸಿಕ್ಕಾದ 116 ರೂಪಾಯಿ 10 ಆಣೆ 8 ಪೈ. ಗದಗಿನ ಪೇಟೆಯಲ್ಲಿ ವ್ಯಾಪಾರ ಮಾಡುವವನು ಓದು ಬರಹ ಬಾರದವನಾದರೂ ಈ ಲೆಕ್ಕವನ್ನು ಬಾಯಲ್ಲಿ ಹೇಳಬೇಕಿತ್ತು, ಇಲ್ಲವಾದರೆ ಕಟಬಾಕಿ. ಹಾಲಿ ಸಿಕ್ಕಾ ಪೂರ್ತಿ ಹೋದದ್ದು 1950ರ ದಶಕದಲ್ಲಿ. ಆ ಹೊತ್ತಿಗೆ ಬದಲಾವಣೆ ಕಂಡು ನಮ್ಮ ಅಜ್ಜಂದಿರೂ ಕಂಗೆಟ್ಟಿದ್ದರು. ಅವರಿಗೂ ಲೆಕ್ಕ ಹೊಸದಾಗಿ ಕಲಿಯಬೇಕಾಗಿತ್ತು.

1947, 48ರ ಮಾತನ್ನು ಬಿಟ್ಟು ಈ ಚರಿತ್ರೆ ಹೇಳುವುದು ಸರಿಯಲ್ಲ, ಅದನ್ನು ಹಿಗ್ಗಿಸಿ ಹೇಳುವ ಜಾಗವೂ ಇದಲ್ಲ. ರಜಾಕಾರರ ಹಾವಳಿಗೆ ಹೆದರಿ ಈ ಸೀಮೆಯ ಜನ ಮುಂಡರಗಿ, ಗದಗಿನ ಕಡೆಗೆ ಓಡಿದರು. ಮುಂಡರಗಿಯ ಶಿಬಿರದಿಂದ ಅಳವಂಡಿ ಶಿವಮೂರ್ತಿಸ್ವಾಮಿಯವರಂಥವರು ಹೋರಾಟ ನಡೆಸಿದರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಏನೂ ಮಾಡದ ಬಡ ಮುಸಲ್ಮಾನರು ಹೈದರಾಬಾದ್ ಸಂಸ್ಥಾನದ ಅನೇಕ ಕಡೆ ಪ್ರಾಣ, ಮನೆ ಕಳೆದುಕೊಂಡರು. ಎರಡೂ ನಿಜ. 'ಆಗ ಎಲ್ಲರೂ ಒಂದಾಗಿದ್ದರು' ಎನ್ನುವ ನಮ್ಮ ಹಿರಿಯರ ಬಾಲ್ಯಕ್ಕೆ ಈ ವರ್ಷಗಳೂ ಸೇರಿವೆ. ಆ ಗಾಯದ ಮೇಲೆಯೂ ಜನ ಮತ್ತೆ ಒಬ್ಬರ ಪಡಸಾಲೆಗೆ ಒಬ್ಬರನ್ನು ಕರೆದು ಗಾದಿ ಹಿಂಜಿಸಿದರಲ್ಲ, ನಮಗೆ ಹೆಚ್ಚು ದೊಡ್ಡದಾಗಿ ಕಾಣುವುದು ಅದು.

ಇನ್ನೊಂದು ಸಂಗತಿಯನ್ನು ನೆನಪು ಮರೆಸುತ್ತದೆ. ಹಿಂಜುವಾಗ ಹಾರುವ ಹತ್ತಿಯ ಧೂಳು ಎದೆಗೆ ಕೂರುತ್ತದೆ. ಗಿರಣಿಯ ಕಾರ್ಮಿಕರಿಗೆ ಬರುವ ಈ ಎದೆಬಿಗಿತದ ರೋಗವನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಪಿಂಜಾರರ ಮನೆಗಳಲ್ಲಿ ಅದಕ್ಕೆ ಹೆಸರಿರಲಿಲ್ಲ, 'ಕೆಮ್ಮು' ಎಂದಷ್ಟೇ. ಮೂಗಿಗೆ ಅರಿವೆ ಕಟ್ಟಿಕೊಂಡು ಕೆಲಸ ಮಾಡಿದವರು ಐವತ್ತಕ್ಕೆ ಮುದುಕರಾಗುತ್ತಿದ್ದರು. ಮಳೆ ಹೋದರೆ ಹತ್ತಿ ಇಲ್ಲ, ಹತ್ತಿ ಇಲ್ಲದಿದ್ದರೆ ಕಮಾನು ಗೂಟಕ್ಕೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿದದ್ದು ಗಂಗಾವತಿಯ ಕಡೆಗೆ. ಅಲ್ಲಿ ಭತ್ತ ಬೆಳೆಯಿತು. ಯಲಬುರ್ಗಾ, ಕುಷ್ಟಗಿಯ ಒಣಭೂಮಿಯ ಜನಕ್ಕೆ ಉಳಿದದ್ದು ಗುಳೆ. 1972ರ ಬರಗಾಲವನ್ನು ಕಂಡವರು ಇನ್ನೂ ಇದ್ದಾರೆ. 'ಆಗಿನ ಕಾಲ' ಎನ್ನುವವರನ್ನು ಆ ವರ್ಷ ಏನು ಉಂಡಿರಿ ಎಂದು ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಅದೇ 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿಯವರು 'ವರಲಕ್ಷ್ಮಿ' ಎಂಬ ಮಿಶ್ರತಳಿ ಹತ್ತಿಯನ್ನು ಕೊಟ್ಟರು. ಉದ್ದ ಎಳೆ, ಒಳ್ಳೆಯ ಬೆಲೆ. ರೈತ ಅದರ ಕಡೆ ಹೊರಳಿದ. 2002ರಲ್ಲಿ ಬಿಟಿ ಹತ್ತಿಗೆ ಸರಕಾರದ ಒಪ್ಪಿಗೆ ಸಿಕ್ಕಿತು. ಹತ್ತಿ ಹೊಲದಿಂದ ನೇರ ಜಿನ್ನಿಗೆ ಹೋಗತೊಡಗಿತು, ಮನೆಯ ಮೂಲೆಯಲ್ಲಿ ಗಾದಿಗೆಂದು ಎತ್ತಿಡುವ ರೂಢಿ ಕಡಿಮೆಯಾಯಿತು. ಹಿಂಜುವ ಯಂತ್ರ ಬಂತು. ಕಮಾನಿನವನ ಎರಡು ದಿನದ ಕೆಲಸವನ್ನು ಅದು ಕೆಲ ತಾಸಿನಲ್ಲಿ ಮಾಡಿತು. ನಂತರ ಫೋಮಿನ ಗಾದಿ. ಅದನ್ನು ಹಿಂಜಬೇಕಿಲ್ಲ, ಸವೆದರೆ ಬಿಸಾಡಬೇಕು. ಈಗ ಟೆಂಪೋದ ಮೇಲೆ ಯಂತ್ರ ಹೇರಿಕೊಂಡು ಮೈಕಿನಲ್ಲಿ ಕೂಗುತ್ತ ಬರುವವರೇ ಉಳಿದಿದ್ದಾರೆ.

ಕಸುಬು ಹೋಯಿತು, ಅದರ ಹೆಸರು ಉಳಿಯಿತು. ಇಲ್ಲಿ ನಮಗೆ ಬೇಸರದ ಒಂದು ವಿಷಯವಿದೆ. ಹೆಣ್ಣು ಗಂಡು ನೋಡುವ ಹೊತ್ತಿಗೆ 'ನಾವು ಪಿಂಜಾರರು' ಎಂದು ಹೇಳಲು ಹಿಂಜರಿಯುವ ಮನೆಗಳಿವೆ, ಕೇಳಿ ಮುಖ ತಿರುಗಿಸುವ ಮನೆಗಳೂ ಇವೆ. ಅದೇ ಮನೆಯ ಹುಡುಗ ಕಾಲೇಜಿನ ಸೀಟಿಗೆ ಪ್ರವರ್ಗ 1ರ ಪ್ರಮಾಣಪತ್ರ ತರಲು ತಹಶೀಲ್ದಾರ್ ಕಚೇರಿಯ ಸಾಲಿನಲ್ಲಿ ನಿಂತು ಆ ಹೆಸರನ್ನು ಸ್ಪಷ್ಟವಾಗಿ ಬರೆಯುತ್ತಾನೆ. ಮುಸಲ್ಮಾನರ ವಿದ್ಯೆಯ ಚರಿತ್ರೆಯನ್ನು ತೆರೆದು ನೋಡಿದರೆ ಈ ನಾಚಿಕೆಗೆ ಜಾಗವೇ ಇಲ್ಲ. ಮನ್ಸೂರ್ ಹಲ್ಲಾಜರ ಹೆಸರಿನ 'ಹಲ್ಲಾಜ್' ಎಂದರೆ ಹತ್ತಿ ಹಿಂಜುವವನು. ವಕ್ಫ್ ಕಾನೂನಿನ ಮೇಲೆ ಪ್ರಮಾಣಗ್ರಂಥ ಬರೆದ ಹನಫಿ ವಿದ್ವಾಂಸ ಅಲ್ ಖಸ್ಸಾಫರ ಹೆಸರಿಗೆ ಚಪ್ಪಲಿ ಹೊಲಿಯುವವನು ಎಂದರ್ಥ. ಜಸ್ಸಾಸ್ ಎಂದರೆ ಗಾರೆಯವನು. ಇಮಾಮ್ ಅಬೂ ಹನೀಫಾ ಬಟ್ಟೆಯ ವ್ಯಾಪಾರಿ. ರಾಜಸ್ಥಾನದ ಸಂತ ದಾದೂ ದಯಾಳರನ್ನು ಪರಂಪರೆ ಪಿಂಜಾರ ಎಂದೇ ಹೇಳುತ್ತದೆ. ನಮ್ಮ ನೆರೆಯ ಆಂಧ್ರ, ತೆಲಂಗಾಣಗಳ ದೂದೇಕುಲದವರ ಕಸುಬೂ ಇದೇ.

ಈಗಿನ ಸ್ಥಿತಿಗೆ ಬರೋಣ. ತಳಕಲ್ಲಿನಲ್ಲಿಯೇ ಸರಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಗದಗ–ವಾಡಿ ರೈಲು ಮಾರ್ಗ ಇಲ್ಲಿಂದಲೇ ಕವಲೊಡೆಯುತ್ತದೆ. 2025ರ ಮೇ ತಿಂಗಳಿಂದ ಹುಬ್ಬಳ್ಳಿಯ ರೈಲು ಕುಕನೂರು, ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಗೆ ಹೋಗುತ್ತಿದೆ. ಪಕ್ಕದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕೈಗಾರಿಕಾ ವಲಯಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. (ಕಿನ್ನಾಳದ ಚಿತ್ರಗಾರರು ವಿಜಯನಗರದ ಕಾಲದಿಂದ ಹಗುರ ಮರದಲ್ಲಿ ಗೊಂಬೆ ಮಾಡುತ್ತ ಬಂದ ಸೀಮೆಯಿದು. ಪ್ಲಾಸ್ಟಿಕ್ ಗೊಂಬೆಗೆ ಜಾಗ ಹುಡುಕುವಾಗ ಅವರನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು ಎಂದು ನಮ್ಮ ಅನಿಸಿಕೆ.) ಕಾರ್ಖಾನೆಯ ಬಸ್ಸು ಬೆಳಿಗ್ಗೆ ಹಳ್ಳಿಗಳಿಗೆ ಬರುತ್ತದೆ, ಅದರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ನಮ್ಮ ಮನೆಗಳ ಮಕ್ಕಳೂ ಇದ್ದಾರೆ.

ಈ ಬಗ್ಗೆ ನಮ್ಮನ್ನು ಕೇಳಲು ಬರುವ ತಂದೆಯರಿದ್ದಾರೆ. 'ನಮ್ಮ ಕಾಲದಾಗ ಹೆಂಗಸರು ಹೊರಗ ದುಡಿತಿದ್ದಿಲ್ಲರಿ' ಎನ್ನುತ್ತಾರೆ. ಇದು ಚರಿತ್ರೆಗೆ ಒಪ್ಪುವ ಮಾತಲ್ಲ. ಹತ್ತಿ ಬಿಡಿಸಿದವರು ಯಾರು? ಬೀಜ ತೆಗೆದವರು, ಕೌದಿ ಹೊಲಿದವರು, ಗುಳೆ ಹೋದಾಗ ಕಲ್ಲು ಹೊತ್ತವರು ಯಾರು? ಲೆಕ್ಕದಲ್ಲಿ ಅವರ ಹೆಸರು ಇರಲಿಲ್ಲ, ಕೂಲಿ ಅವರ ಕೈಗೆ ಬರುತ್ತಿರಲಿಲ್ಲ, ಅಷ್ಟೆ. ಪ್ರವಾದಿಯವರ(ಸ) ಪತ್ನಿ ಹಜರತ್ ಜೈನಬ್ ಬಿಂತ್ ಜಹಶ್(ರ) ತಮ್ಮ ಕೈಯಾರೆ ಚರ್ಮ ಹದ ಮಾಡಿ, ಹೊಲಿದು, ಬಂದದ್ದನ್ನು ದಾನ ಕೊಡುತ್ತಿದ್ದರು. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಪಾಳಿ ಎಷ್ಟು ತಾಸು? ರಾತ್ರಿ ಬಸ್ಸು ಮನೆಯ ಹತ್ತಿರ ಬಿಡುತ್ತದೆಯೇ? ಪಿಎಫ್ ಕಟ್ಟುತ್ತಾರೆಯೇ? ಪಗಾರ ಅವಳ ಹೆಸರಿನ ಖಾತೆಗೆ ಬರುತ್ತದೆಯೇ, ಅವಳ ಕೈಯಲ್ಲಿ ಉಳಿಯುತ್ತದೆಯೇ? ಕಮಾನಿನ ಧೂಳಿನ ಬಗ್ಗೆ ನಮ್ಮ ಅಜ್ಜಂದಿರು ಯಾರನ್ನೂ ಕೇಳಲು ಆಗಲಿಲ್ಲ. ಕಾರ್ಖಾನೆಯ ಬಣ್ಣದ ವಾಸನೆಯ ಬಗ್ಗೆ ನಾವು ಕೇಳಬಹುದು.

ಸಾಲದ ವಿಷಯದಲ್ಲಿ ಮಾತ್ರ ಹಿರಿಯರ ಮಾತಿಗೆ ತೂಕ ಹೆಚ್ಚು. ಸಾಹುಕಾರನ ಬಡ್ಡಿ ಆಗಲೂ ಇತ್ತು, ಅದು ಕ್ರೂರವಾಗಿಯೇ ಇತ್ತು. ಆದರೆ ಮನೆಯ ಹೆಂಗಸರನ್ನು ಗುಂಪು ಮಾಡಿ, ಒಬ್ಬಳ ಕಂತಿಗೆ ಉಳಿದವರನ್ನು ಹೊಣೆ ಮಾಡಿ, ವಾರ ವಾರ ಬಾಗಿಲಿಗೆ ಬಂದು ಕೂರುವ ಪದ್ಧತಿ ಹೊಸದು. ಕಿರುಸಾಲ ಕಂಪನಿಗಳ ಕಿರುಕುಳ ತಾಳದೆ ಊರು ಬಿಟ್ಟವರ ಸುದ್ದಿ ರಾಜ್ಯದ ಅನೇಕ ಕಡೆಯಿಂದ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು. ಒತ್ತಾಯದ ವಸೂಲಿ ಈಗ ಅಪರಾಧ. ಬಾಗಿಲಿಗೆ ಬಂದು ಬೆದರಿಸುವವರ ಮೇಲೆ ದೂರು ಕೊಡಬಹುದು ಎಂಬುದು ನಮ್ಮ ತಾಯಂದಿರಿಗೆ ಗೊತ್ತಿರಲಿ. ಮದುವೆಯ ಫೋಮ್ ಗಾದಿ, ಕಪಾಟು, ಫ್ರಿಜ್ಜಿಗಾಗಿ ತೆಗೆದ ಸಾಲವೇ ಇದರಲ್ಲಿ ಎಷ್ಟಿದೆ ಎಂಬುದನ್ನು ಪ್ರತಿ ಮನೆಯವರೂ ತಮ್ಮ ಲೆಕ್ಕದ ಪುಸ್ತಕ ತೆಗೆದು ನೋಡಬಹುದು.

ಮದೀನಾಕ್ಕೆ ಬರಿಗೈಯಲ್ಲಿ ಬಂದ ಹಜರತ್ ಅಬ್ದುರ್ರಹ್ಮಾನ್ ಬಿನ್ ಔಫರ(ರ) ಪ್ರಸಂಗವನ್ನು ನಮ್ಮ ಹುಡುಗರಿಗೆ ಆಗಾಗ ಹೇಳುತ್ತೇವೆ. ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ(ರ) ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದರು. ಅವರು ದುಆ ಮಾಡಿ, ಇಲ್ಲಿ ಪೇಟೆ ಎಲ್ಲಿದೆ ಎಂದು ಕೇಳಿದರು. ಮೊದಲು ಮಾರಿದ್ದು ತುಪ್ಪ ಮತ್ತು ಒಣಗಿಸಿದ ಮೊಸರಿನ ಗಿಣ್ಣು. ಮಕ್ಕಾದಲ್ಲಿ ತಮ್ಮ ವ್ಯಾಪಾರ ಎಷ್ಟು ದೊಡ್ಡದಿತ್ತು ಎಂದು ಹೇಳುತ್ತ ಅವರು ಕುಳಿತುಕೊಳ್ಳಲಿಲ್ಲ. ಜೊತೆಗೆ, ಅರ್ಧ ಆಸ್ತಿ ಕೊಡಲು ಬಂದ ಒಬ್ಬ ಸಹೋದರನೂ ಅಲ್ಲಿದ್ದ. ಹುಡುಗರಿಗೆ ಮೊದಲ ಭಾಗ ಹೇಳುವ ನಾವು ಜಮಾತಿನ ಹಿರಿಯರಿಗೆ ಎರಡನೆಯ ಭಾಗವನ್ನೂ ಹೇಳುತ್ತೇವೆ. ಐಟಿಐ ಮುಗಿಸಿದ ಬಡ ಹುಡುಗನಿಗೆ ಮೊದಲ ತಿಂಗಳ ಪಗಾರ ಬರುವವರೆಗೆ ಹುಬ್ಬಳ್ಳಿಯಲ್ಲಿ ಕೋಣೆಯ ಬಾಡಿಗೆಗೆ ಬಡ್ಡಿಯಿಲ್ಲದ ಕರ್ಜೆ ಹಸನಾ ಕೊಡುವುದು ಕಷ್ಟದ ಕೆಲಸವೇನಲ್ಲ.

ಕೊನೆಯಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಮಾನು ಇದ್ದರೆ ಒಲೆಗೆ ಹಾಕಬೇಡಿ. ಅದರ ಬಿಲ್ಲಿಗೆ, ತಂತಿಗೆ, ಗುಂಡಿಗೆ, ಗಾದಿಯ ಬೇರೆ ಬೇರೆ ಟಾಕಿಗೆ ನಿಮ್ಮ ಅಜ್ಜ, ಅಜ್ಜಿ ಏನೇನು ಹೆಸರು ಹೇಳುತ್ತಿದ್ದರು, ಯಾವ ಯಾವ ಹಳ್ಳಿಗೆ ಹೋಗುತ್ತಿದ್ದರು, ಒಂದು ಗಾದಿಗೆ ಎಷ್ಟು ಸೇರು ಜೋಳ ಸಿಗುತ್ತಿತ್ತು ಎಂಬುದನ್ನು ಅವರು ಇರುವಾಗಲೇ ಕೇಳಿ ಒಂದು ಹಾಳೆಯಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಕೆಮ್ಮಿನ ವಿಷಯವನ್ನೂ ಬರೆಯಿರಿ.