ಪಾಲಾರ್ ನದಿಯ ಬಾಕಿ ಲೆಕ್ಕ

ಬೃಂದಾವನವೋ ಲಾಲ್‌ಬಾಗೋ ಹಿಡಿದು ಬೆಂಗಳೂರು-ಚೆನ್ನೈ ನಡುವೆ ವರ್ಷಾನುಗಟ್ಟಲೆ ಓಡಾಡಿದ ನಮ್ಮಂಥವರಿಗೆ ಜೋಲಾರಪೇಟೆ ದಾಟಿದ ಮೇಲೆ ಬರುವ ವಾಣಿಯಂಬಾಡಿ, ಆಂಬೂರುಗಳು ಚೆನ್ನಾಗಿ ಗೊತ್ತು. ಆಂಬೂರು ಅಂದ ಕೂಡಲೇ ಕೆಲವರಿಗೆ ಬಿರಿಯಾನಿ ನೆನಪಾಗುತ್ತದೆ. ಸಸ್ಯಾಹಾರಿಯಾದ ನನಗೆ ನೆನಪಾಗುವುದು ಅಲ್ಲಿನ ಚರ್ಮದ ವಾಸನೆ. ಅಲ್ಲಿಂದ ಮುಂದೆ ಹಾದಿಯುದ್ದಕ್ಕೂ ಆಗಾಗ ಒಂದು ಅಗಲವಾದ ಮರಳಿನ ಬಯಲು ಕಾಣಿಸುತ್ತದಲ್ಲ, ಅದೇ ಪಾಲಾರ್ ನದಿ. ಮಲೆ ಮಾದಪ್ಪನ ಬೆಟ್ಟದ ಹತ್ತಿರ ಕಾವೇರಿಗೆ ಸೇರುವ ಪಾಲಾರ್ ಅಲ್ಲ, ಅದು ಬೇರೆ. ಇದು ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆಯ ಬೇತಮಂಗಲದ ಕೆರೆ ತುಂಬಿಸಿ, ಆಂಧ್ರದಲ್ಲಿ ಸ್ವಲ್ಪ ದೂರ ಹರಿದು ತಮಿಳುನಾಡಿಗೆ ಬರುವ ಹೊಳೆ. ಕೆ.ಜಿ.ಎಫ್. ಗಣಿಯವರು ಕುಡಿದದ್ದು ಇದೇ ಬೇತಮಂಗಲದ ನೀರು. ತಮಿಳಿನಲ್ಲಿ ಪಾಲ್ ಅಂದರೆ ಹಾಲು, ಆರು ಅಂದರೆ ಹೊಳೆ. ಹಾಲಿನ ಹೊಳೆ!

1892ರಲ್ಲಿ ಮದ್ರಾಸಿಗೂ ಮೈಸೂರಿಗೂ ಆದ ನೀರಿನ ಒಪ್ಪಂದದ ಪಟ್ಟಿಯಲ್ಲಿ ಈ ನದಿಯ ಹೆಸರೂ ಇದೆ. ನೀರು ಎಷ್ಟು ಬರಬೇಕು ಅನ್ನುವ ಜಗಳ ಅಷ್ಟು ಹಳೆಯದು. ಬಂದ ನೀರು ಹೇಗಿರಬೇಕು ಅಂತ ಕೇಳುವವರು ಹುಟ್ಟಲು ಇನ್ನೂ ನೂರು ವರ್ಷ ಬೇಕಾಯಿತು. ಹಾಗೆ ಕೇಳಿದವರ ಕಥೆ ಇದು. ನಾನು ಬಿ.ಕಾಂ. ಓದಿದ ಬ್ಯಾಂಕಿನವನು, ಪರಿಸರ ವಿಜ್ಞಾನಿ ಅಲ್ಲ. ಆದ್ದರಿಂದ ಇದನ್ನು ಸಾಲದ ಫೈಲು ಓದುವ ಹಾಗೆ ಓದಿದ್ದೇನೆ, ಹಾಗೆಯೇ ಹೇಳುತ್ತೇನೆ.

ಮೊದಲು ಚರ್ಮದ ವಿಷಯ. ನಾನು ಚೆನ್ನೈಗೆ ವರ್ಗವಾಗಿ ಬಂದು ಮನೆ ಮಾಡಿದ್ದು ಕ್ರೋಂಪೇಟೆಯಲ್ಲಿ. ಹೆಸರು ಕೇಳಿ ಏನೋ ಹಳೆಯ ತಮಿಳು ಪದ ಇರಬೇಕು ಅಂದುಕೊಂಡಿದ್ದೆ. ಅಲ್ಲ ಸ್ವಾಮಿ, ಅಲ್ಲಿದ್ದ ಕ್ರೋಮ್ ಲೆದರ್ ಕಂಪನಿಯಿಂದ ಬಂದ ಹೆಸರು ಅದು! ಪಕ್ಕದ ಪಲ್ಲಾವರಂ ಕೂಡ ಟ್ಯಾನರಿಗಳ ಊರೇ. ನಮ್ಮ ಬೆಂಗಳೂರಿನ ಟ್ಯಾನರಿ ರೋಡ್ ಇದ್ದ ಹಾಗೆ. ಆದರೆ ದೊಡ್ಡ ವ್ಯವಹಾರವೆಲ್ಲ ಪಾಲಾರ್ ದಂಡೆಯಲ್ಲಿ. ವಾಣಿಯಂಬಾಡಿ, ಆಂಬೂರು, ಪೇರ್ಣಾಂಬಟ್ಟು, ರಾಣಿಪೇಟೆ.

ಹಿಂದೆ ಇಲ್ಲಿ ಚರ್ಮ ಹದ ಮಾಡುತ್ತಿದ್ದುದು ತಂಗಡಿ ಗಿಡದ ತೊಗಟೆಯಿಂದ. ಈಸ್ಟ್ ಇಂಡಿಯಾ ಲೆದರ್ ಅಂತ ಹೆಸರು ಪಡೆದು ಅದು ಅರ್ಧ ಹದವಾಗಿ ವಿಲಾಯತಿಗೆ ಹೋಗುತ್ತಿತ್ತು. 1970ರ ದಶಕದ ಮೊದಲಲ್ಲಿ ಸೀತಾರಾಮಯ್ಯ ಸಮಿತಿಯ ಶಿಫಾರಸಿನ ಮೇಲೆ ಕೇಂದ್ರ ಸರಕಾರ ಅರ್ಧ ಹದದ ಚರ್ಮದ ರಫ್ತಿಗೆ ಮಿತಿ ಹಾಕಿತು. ಪೂರ್ತಿ ಹದ ಮಾಡಿ, ಬೂಟು ಮಾಡಿ ಕಳಿಸಿದರೆ ಡಾಲರ್ ಜಾಸ್ತಿ ಬರುತ್ತದಲ್ಲ! ಲೆಕ್ಕ ಸರಿಯಾಗಿಯೇ ಇತ್ತು. ಅದರೊಂದಿಗೆ ಕ್ರೋಮಿಯಂ ಹದ ಜೋರಾಗಿ ಬಂತು. ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯುವ ಕೆಲಸ ಕ್ರೋಮಿಯಂನಲ್ಲಿ ಬಹಳ ಬೇಗ ಮುಗಿಯುತ್ತದೆ. ಆದರೆ ಒಂದು ಕೆ.ಜಿ. ಚರ್ಮಕ್ಕೆ ಸುಮಾರು 35 ಲೀಟರ್ ನೀರು ಬೇಕು, ಬಗೆಬಗೆಯ ರಾಸಾಯನಿಕ ಬೇಕು. ಇದಕ್ಕೆ ಮುಂಚೆ ತೊಗಲು ಕೊಳೆಯದಿರಲಿ ಎಂದು ಹಾಕಿದ ಉಪ್ಪು ಬೇರೆ ಇರುತ್ತದೆ. ತೊಳೆದಾಗ ಅಷ್ಟೂ ನೀರಿಗೆ. ಕ್ರೋಮಿಯಂ ಅನ್ನಾದರೂ ಸಂಸ್ಕರಣೆ ಮಾಡಿ ಕೆಸರಾಗಿ ತೆಗೆಯಬಹುದು. ಕರಗಿದ ಉಪ್ಪು ಮಾಮೂಲಿ ಸಂಸ್ಕರಣಾ ಘಟಕಕ್ಕೆ ಸಿಗುವುದೇ ಇಲ್ಲ. ತೆಂಗಿನ ತೋಟವನ್ನೂ ಬಾವಿಯನ್ನೂ ಸದ್ದಿಲ್ಲದೆ ಕೊಂದದ್ದು ಹೆಚ್ಚಾಗಿ ಈ ಉಪ್ಪೇ.

ಕಾನೂನು ಇರಲಿಲ್ಲವೇ? ಬೇಕಾದಷ್ಟಿತ್ತು. ಜಲ ಮಾಲಿನ್ಯ ಕಾಯ್ದೆ ಬಂದದ್ದು 1974ರಲ್ಲಿ. ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಳಿ ಆದದ್ದು 1982ರಲ್ಲಿ. ಭೋಪಾಲದ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. 1989ರಲ್ಲಿ ರಾಜ್ಯ ಸರಕಾರವೇ ನೀರಿನ ಮೂಲಗಳಿಂದ ಒಂದು ಕಿಲೋಮೀಟರ್ ಒಳಗೆ ಹೆಚ್ಚು ಕೆಡಿಸುವ ಹೊಸ ಕಾರ್ಖಾನೆ ಬೇಡ ಅಂತ ಆದೇಶ ಹೊರಡಿಸಿತು. ಸಂಸ್ಕರಣಾ ಘಟಕ ಕಟ್ಟಿಕೊಳ್ಳಿ ಅಂತ ನೋಟಿಸು ಹೋಗುತ್ತಿತ್ತು, ಸಬ್ಸಿಡಿ ಕೊಡುತ್ತೇವೆ ಅಂತ ಕೇಂದ್ರವೂ ಕರೆಯುತ್ತಿತ್ತು. ಹತ್ತು ವರ್ಷ ಹೀಗೇ ಹೋಯಿತು. ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ, ಕಂತು ಕಟ್ಟದ ಸಾಲಗಾರನಿಗೆ ಹತ್ತು ವರ್ಷ ಬರೀ ನೆನಪೋಲೆ!

ಕೊನೆಗೆ 1991ರಲ್ಲಿ ವೆಲ್ಲೂರು ಸಿಟಿಜನ್ಸ್ ವೆಲ್ಫೇರ್ ಫೋರಂ ಅನ್ನುವ ಊರಿನವರ ಸಂಘವೊಂದು ನೇರ ಸುಪ್ರೀಂ ಕೋರ್ಟಿಗೆ ಹೋಯಿತು. ಹೊಸ ಕಾನೂನು ಮಾಡಿ ಅಂತ ಅವರು ಕೇಳಲಿಲ್ಲ, ಇರುವುದನ್ನು ಜಾರಿ ಮಾಡಿಸಿ ಅಂದರು. ಅವರ ಪರ ವಾದಿಸಿದವರು ಗಂಗಾ ನದಿಯ, ತಾಜ್ ಮಹಲಿನ ಮೊಕದ್ದಮೆಗಳಿಂದ ಹೆಸರಾದ ಎಂ.ಸಿ. ಮೆಹ್ತಾ. ಐದು ವರ್ಷದ ನಂತರ, 1996ರ ಆಗಸ್ಟ್ 28ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠದಿಂದ ತೀರ್ಪು ಬಂತು. ಕಾನೂನು ಓದುವ ಹುಡುಗರು ಇವತ್ತಿಗೂ ಬಾಯಿಪಾಠ ಮಾಡುವ ತೀರ್ಪು ಅದು.

ಅದರಲ್ಲಿರುವ ಅಂಕಿಗಳನ್ನು ನೋಡಿ. ಐದು ಜಿಲ್ಲೆಗಳ ಸುಮಾರು 900 ಟ್ಯಾನರಿಗಳ ಪ್ರಶ್ನೆ. ನಮ್ಮ ಪಲ್ಲಾವರಂ ಇದ್ದ ಅಂದಿನ ಚೆಂಗೈ ಎಂ.ಜಿ.ಆರ್. ಜಿಲ್ಲೆಯೂ ಅದರಲ್ಲಿ ಒಂದು. ಟ್ಯಾನರಿ ಸೀಮೆಯಲ್ಲಿ ಸುಮಾರು 35,000 ಹೆಕ್ಟೇರ್ ಜಮೀನು ಪೂರ್ತಿಯಾಗಿಯೋ ಸ್ವಲ್ಪವೋ ಸಾಗುವಳಿಗೆ ಬಾರದಂತಾಗಿದೆ ಅಂತ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದ ಸಮೀಕ್ಷೆ. ದಿಂಡಿಗಲ್ ಕಡೆಯ 13 ಹಳ್ಳಿಗಳಲ್ಲಿ 467 ಬಾವಿ ನೋಡಿದರೆ 350 ಕೆಟ್ಟಿದ್ದವು. ಈ ಬಾವಿ ಎಣಿಸಿದ್ದು ಸರಕಾರವಲ್ಲ, ಒಂದು ಸ್ವಯಂಸೇವಾ ಸಂಸ್ಥೆ.

ಚರ್ಮೋದ್ಯಮ ಡಾಲರ್ ತರುತ್ತದೆ, ಜನಕ್ಕೆ ಕೆಲಸ ಕೊಡುತ್ತದೆ, ನಿಜ, ಆದರೆ ಅದಕ್ಕೆಂದು ನೆಲ-ನೀರು ಹಾಳು ಮಾಡುವ ಹಕ್ಕಿಲ್ಲ ಅಂದಿತು ಕೋರ್ಟು. ಕೆಡಿಸಿದವನೇ ತೆರಬೇಕು, ಕೆಡುವ ಮುಂಚೆಯೇ ಎಚ್ಚರ ವಹಿಸಬೇಕು, ಕೆಡಿಸುತ್ತಿಲ್ಲ ಅಂತ ತೋರಿಸುವ ಹೊಣೆ ಕಾರ್ಖಾನೆಯದ್ದೇ. ಈ ತತ್ವಗಳು ನಮ್ಮ ದೇಶದ ಕಾನೂನಿನ ಭಾಗವೇ ಎಂದು ಸಾರಿತು. ಪ್ರತಿ ಟ್ಯಾನರಿಗೆ 10,000 ರೂಪಾಯಿ ದಂಡ. ನವೆಂಬರ್ ಒಳಗೆ ಸಂಸ್ಕರಣಾ ಘಟಕ, ಇಲ್ಲದಿದ್ದರೆ ಬೀಗ. ನಷ್ಟ ಲೆಕ್ಕ ಹಾಕಿ ಪರಿಹಾರ ಕೊಡಿಸಲು ನಿವೃತ್ತ ಹೈಕೋರ್ಟ್ ನ್ಯಾಯಾಧೀಶರ ಕೈಕೆಳಗೆ ಒಂದು ಪ್ರಾಧಿಕಾರ. ಉಳಿದದ್ದನ್ನು ನೋಡಿಕೊಳ್ಳಲು ಇಲ್ಲಿ, ಚೆನ್ನೈನ ಹೈಕೋರ್ಟಿನಲ್ಲಿ, ಒಂದು ಹಸಿರು ಪೀಠ. ಮೆಹ್ತಾ ಅವರಿಗೆ ರಾಜ್ಯ ಸರಕಾರ 50,000 ರೂಪಾಯಿ ಕೊಡಬೇಕು ಅಂತಲೂ ಹೇಳಿತು.

ಓದುವವರಿಗೆ ಕಥೆ ಸುಖಾಂತ ಅನಿಸುತ್ತದೆ. ಆದರೆ ಬ್ಯಾಂಕಿನಲ್ಲಿ ವಸೂಲಿ ವಿಭಾಗದಲ್ಲಿ ಕೂತವರಿಗೆ ಗೊತ್ತು, ಡಿಕ್ರಿ ಸಿಗುವುದೇ ಬೇರೆ, ದುಡ್ಡು ಬರುವುದೇ ಬೇರೆ. ಡಿಕ್ರಿ ಕೈಯಲ್ಲಿ ಹಿಡಿದು ಮತ್ತೆ ಅಮಲ್ಜಾರಿ ಅರ್ಜಿ ಹಾಕಬೇಕು, ಆಸ್ತಿ ಹುಡುಕಬೇಕು, ಅಮೀನನ ಹಿಂದೆ ಸುತ್ತಬೇಕು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಪ್ರಾಧಿಕಾರವೇನೋ ಬಂತು. 2001ರ ಮಾರ್ಚ್‌ನಲ್ಲಿ ವೆಲ್ಲೂರು ಜಿಲ್ಲೆಯ ಲೆಕ್ಕ ಕೊಟ್ಟಿತು. 547 ಟ್ಯಾನರಿಗಳು 29,193 ಜನರಿಗೆ ಒಟ್ಟು 26 ಕೋಟಿ 82 ಲಕ್ಷ ಕೊಡಬೇಕು. ಕೋಟಿ ಅಂದ ಕೂಡಲೇ ದೊಡ್ಡ ಮೊತ್ತ ಅನಿಸುತ್ತದೆ, ಭಾಗಿಸಿ ನೋಡಿ. ತಲೆಗೆ ಹತ್ತಿರ ಹತ್ತಿರ 9,200 ರೂಪಾಯಿ. ತೆಂಗು ಒಣಗಿಹೋದ ತೋಟಕ್ಕೆ, ಬಾಯಿಗಿಡಲಾಗದ ಬಾವಿ ನೀರಿಗೆ ಸಿಕ್ಕ ಬೆಲೆ. ಅದೂ ಎಲ್ಲರ ಕೈಗೂ ಪೂರ್ತಿ ಬರಲಿಲ್ಲ. 2009ರಲ್ಲಿ ಇನ್ನೊಂದು ಸುತ್ತಿನ ಪರಿಹಾರದ ಆದೇಶ ಆಯಿತು. ಮತ್ತೆ ತಕರಾರು, ಮತ್ತೆ ಅಪೀಲು.

ಇದರ ಮಧ್ಯೆ 2015ರ ಜನವರಿ 31ರ ನಸುಕಿನಲ್ಲಿ ರಾಣಿಪೇಟೆಯಲ್ಲಿ ಸಂಸ್ಕರಣಾ ಘಟಕದ ಕೆಸರಿನ ತೊಟ್ಟಿಯ ಗೋಡೆ ಕುಸಿಯಿತು. ಪಕ್ಕದ ಟ್ಯಾನರಿಯಲ್ಲಿ ಮಲಗಿದ್ದ 10 ಜನ ಆ ಕೆಸರಿನಲ್ಲಿ ಸತ್ತರು. ಬಹುಪಾಲು ಬಂಗಾಳದಿಂದ ಹೊಟ್ಟೆಪಾಡಿಗೆ ಬಂದವರು. ನಾವೂ ಊರು ಬಿಟ್ಟು ಬಂದವರೇ, ಆದರೆ ನಮಗೆ ಕ್ವಾರ್ಟರ್ಸು, ಪಿ.ಎಫ್. ಎಲ್ಲ ಇತ್ತು. ನದಿ ಉಳಿಸಲು ಕಟ್ಟಿದ ಘಟಕದ ಕೆಸರೇ ಜನರನ್ನು ನುಂಗಿದ್ದನ್ನು ಪೇಪರಿನಲ್ಲಿ ಓದಿ ಆ ದಿನ ಊಟ ಸೇರಲಿಲ್ಲ. ಘಟಕ ಇದೆಯೇ ಅಂತ ಕೇಳಿದರೆ ಫೈಲಿನಲ್ಲಿ 'ಇದೆ' ಅಂತಲೇ ಉತ್ತರ ಇರುತ್ತದೆ. ಹೇಗೆ ನಡೆಯುತ್ತಿದೆ ಅಂತ ಹೋಗಿ ನೋಡಿದವರು ಯಾರು?

ಹಾಗಾದರೆ ಟ್ಯಾನರಿಯವರು ಯಾವ ನಿಯಮವನ್ನೂ ಪಾಲಿಸದ ಜನವೇ? ಅಲ್ಲವೇ ಅಲ್ಲ. 1989ರಲ್ಲಿ ಜರ್ಮನಿ ಚರ್ಮಕ್ಕೆ ಬೂಷ್ಟು ಹಿಡಿಯದಂತೆ ಹಾಕುವ ಪೆಂಟಾಕ್ಲೋರೋಫಿನಾಲ್ ಅನ್ನು ನಿಷೇಧಿಸಿತು. ಮುಂದೆ ಕೆಲವು ಅಜೋ ಬಣ್ಣಗಳನ್ನೂ ನಿಷೇಧಿಸಿತು. ಅಡಯಾರಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವಿನಿಂದ ಇದೇ ಉದ್ಯಮ ಕೆಲವೇ ವರ್ಷಗಳಲ್ಲಿ ದಾರಿ ಬದಲಿಸಿತು. ಯಾಕೆ? ರಫ್ತಿನ ವಹಿವಾಟು ನೋಡಿದವರಿಗೆ ಇದು ಒಗಟಲ್ಲ. ಎಲ್.ಸಿ.ಯಲ್ಲಿ ಒಂದು ಸರ್ಟಿಫಿಕೇಟು ಕೇಳಿದ್ದರೆ, ಅದಿಲ್ಲದೆ ದಾಖಲೆ ಕೊಟ್ಟರೆ ದುಡ್ಡು ಬರುವುದಿಲ್ಲ, ಸರಕು ಹ್ಯಾಂಬರ್ಗ್ ಬಂದರಿನಲ್ಲಿ ಕೂರುತ್ತದೆ. ಷರತ್ತು ತಪ್ಪಿದ ದಿನವೇ ನಷ್ಟ. ಪಾಲಾರಿನ ವಿಷಯದಲ್ಲಿ ಷರತ್ತು ತಪ್ಪಿದ್ದು ಟ್ಯಾನರಿ, ನಷ್ಟ ಬಿದ್ದದ್ದು ಕೆಳಗಿನ ಹೊಲದವನ ತಲೆಗೆ. ಆ ಖರ್ಚು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರಲಿಲ್ಲ.

ಆ ಖರ್ಚನ್ನು ಪುಸ್ತಕಕ್ಕೆ ತರುವುದೇ ಇಂಥ ಸಂಘಗಳ ಕೆಲಸ ಅಂತ ನನ್ನ ತಿಳುವಳಿಕೆ. ಚೆನ್ನೈಯಲ್ಲೇ 1985ರಿಂದ ಕನ್ಸ್ಯೂಮರ್ ಆಕ್ಷನ್ ಗ್ರೂಪ್ ಅಂತ ಒಂದಿದೆ, ಈಗ ಹೆಸರು ಸಿಟಿಜನ್ ಕನ್ಸ್ಯೂಮರ್ ಅಂಡ್ ಸಿವಿಕ್ ಆಕ್ಷನ್ ಗ್ರೂಪ್. ನಗರ ಯೋಜನಾ ಕಾಯ್ದೆಯ 113ನೇ ಕಲಂ ಬಳಸಿ ಸರಕಾರ ಕಟ್ಟಡಗಳಿಗೆ ಕೊಟ್ಟ ವಿನಾಯಿತಿ ಆದೇಶಗಳನ್ನು ಹೆಕ್ಕಿ ತೆಗೆದು ಸುಪ್ರೀಂ ಕೋರ್ಟಿನ ಮುಂದಿಟ್ಟವರು ಇವರು. 2000ದಲ್ಲಿ ಕೋರ್ಟು ಆ ಕಲಂ ಸರಿ ಅಂದರೂ, ಸರಿಯಾದ ಕಾರಣವಿಲ್ಲದೆ ವಿನಾಯಿತಿ ಹಂಚಿದ ರೀತಿಯನ್ನು ಒಪ್ಪಲಿಲ್ಲ. ಬ್ಯಾಂಕಿನಲ್ಲಿ ಇಂಥವರನ್ನು ಕನ್‌ಕರೆಂಟ್ ಆಡಿಟರ್ ಅನ್ನುತ್ತೇವೆ. ವರ್ಷದ ಕೊನೆಗೆ ಬಂದು ಟೀ ಕುಡಿದು ಸಹಿ ಹಾಕಿ ಹೋಗುವವರಲ್ಲ, ದಿನಾ ಪಕ್ಕದಲ್ಲೇ ಕೂತು ವೋಚರ್ ತಿರುವಿ ಹಾಕುವವರು. ಮ್ಯಾನೇಜರಿಗೆ ಅವರನ್ನು ಕಂಡರೆ ತಲೆನೋವು. ಆದರೆ ಅವರಿಲ್ಲದ ಶಾಖೆಯಲ್ಲಿ ನಾನಂತೂ ಠೇವಣಿ ಇಡುವುದಿಲ್ಲ!

ವೆಲ್ಲೂರಿನ ಫೈಲು ಮುಚ್ಚಲಿಲ್ಲ. ಈ ಸಲ ಅರ್ಜಿದಾರರು ಬೇರೆ, ವೆಲ್ಲೂರು ಜಿಲ್ಲಾ ಪರಿಸರ ಮೇಲ್ವಿಚಾರಣಾ ಸಮಿತಿ. ಶಾಖೆಯಲ್ಲಿ ಆಫೀಸರುಗಳು ವರ್ಗವಾದರೂ ಸಾಲದ ಫೈಲು ಉಳಿಯುವುದಿಲ್ಲವೇ, ಹಾಗೆ. 2025ರ ಜನವರಿ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ತೀರ್ಪು ಕೊಟ್ಟರು. 2001 ಮತ್ತು 2009ರ ಆದೇಶಗಳ ಪರಿಹಾರದಲ್ಲಿ ಬಾಕಿ ಇದ್ದರೆ ಆರು ವಾರದೊಳಗೆ ರಾಜ್ಯ ಸರಕಾರವೇ ಕೊಡಬೇಕು, ಆಮೇಲೆ ಕೆಡಿಸಿದವರಿಂದ ವಸೂಲಿ ಮಾಡಿಕೊಳ್ಳಲಿ. ನದಿಯ ಸ್ಥಿತಿ ಸರಿಹೋಗುವವರೆಗೂ ಕೆಡಿಸಿದವರ ಹೊಣೆ ಮುಗಿಯುವುದಿಲ್ಲ. ಮೇಲ್ವಿಚಾರಣೆಗೆ ಒಂದು ಸಮಿತಿ.

ಇದನ್ನು ಓದಿದಾಗ ನನಗೆ ಥಟ್ಟನೆ ಹೊಳೆದದ್ದು ಜಾಮೀನುದಾರ. ಸಾಲಗಾರ ಕಟ್ಟದಿದ್ದರೆ ಬ್ಯಾಂಕು ಜಾಮೀನುದಾರನ ಕೊರಳಿಗೆ ಬೀಳುತ್ತದೆ. ಅವನು ಕಟ್ಟಿ ಸಾಲಗಾರನನ್ನು ಹಿಡಿದುಕೊಳ್ಳಬೇಕು. ಇಷ್ಟು ವರ್ಷ ಸರಕಾರ ತಾನು ಬರೀ ಪಂಚಾಯಿತಿ ಮಾಡುವ ಹಿರಿಯ ಅಂದುಕೊಂಡಿತ್ತು. ಪರವಾನಗಿ ಕೊಟ್ಟ ದಿನವೇ ನೀನು ಜಾಮೀನಿಗೆ ಸಹಿ ಹಾಕಿದ್ದೀಯಪ್ಪ ಅಂತ ಕೋರ್ಟು ಹೇಳಿದ ಹಾಗಾಯಿತು.

1991ರಿಂದ 2025. ಮೂವತ್ತನಾಲ್ಕು ವರ್ಷ. ಮೊದಲ ಅರ್ಜಿ ಹಾಕಿದಾಗ ನಲವತ್ತರ ಹರೆಯದಲ್ಲಿದ್ದ ರೈತ ಈಗ ಬದುಕಿದ್ದರೆ ಎಪ್ಪತ್ತು ದಾಟಿದ ಮುದುಕ. ಬ್ಯಾಂಕಿನಲ್ಲಾಗಿದ್ದರೆ ಇಂಥ ಖಾತೆಯನ್ನು ಎಂದೋ ರೈಟ್ ಆಫ್ ಮಾಡಿ ಕೈತೊಳೆದುಕೊಳ್ಳುತ್ತಿದ್ದೆವು. ಇವರು ಮಾಡಲಿಲ್ಲ. ಸಂಬಳವಿಲ್ಲ, ಪ್ರಮೋಶನ್ ಇಲ್ಲ, ಊರಿನ ಕಾರ್ಖಾನೆ ಮುಚ್ಚಿಸುವವರು ಅನ್ನುವ ಬೈಗುಳ ಮಾತ್ರ ಪುಕ್ಕಟೆ. ಆದರೂ ಬಾಕಿ ಇದೆ ಅಂತ ಪ್ರತಿ ವರ್ಷ ಪುಸ್ತಕದಲ್ಲಿ ಮುಂದಕ್ಕೆ ಬರೆಯುತ್ತಲೇ ಹೋದರು. ಬಾಕಿ ಬರೆದಿಟ್ಟರೆ ತಾನೇ ಒಂದು ದಿನ ವಸೂಲಿ?

ನಿಮ್ಮಲ್ಲಿ ಕೋಲಾರ, ಬಂಗಾರಪೇಟೆ ಕಡೆಯವರು ಇದ್ದರೆ, ಬೇತಮಂಗಲದ ಕೆರೆಯ ನೀರು ಹೇಗಿತ್ತು, ಈಗ ಹೇಗಿದೆ ಅಂತ ಬರೆಯಿರಿ. ನದಿಯ ಆ ತುದಿಯ ಲೆಕ್ಕವೂ ಒಂದು ಕಡೆ ಇರಲಿ.