ಕಾವಲುಗಾರನ ಊಟದ ಹೊತ್ತು

ಚಿತ್ರದುರ್ಗದ ಕೋಟೆ ಹತ್ತಿದವರು ಓಬವ್ವನ ಕಿಂಡಿ ನೋಡದೆ ಇಳಿಯುವುದಿಲ್ಲ. ಬಂಡೆಗೆ ಬಂಡೆ ಆತುಕೊಂಡ ಕಡೆ ಉಳಿದ ಸಂದು ಅದು. ಒಬ್ಬೊಬ್ಬರಾಗಿ, ತಲೆ ತಗ್ಗಿಸಿ, ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ನುಸುಳಬೇಕು. ತುಸು ಮೈ ಬಂದವರು ಒಳಗೊಮ್ಮೆ ಇಣುಕಿ, ನಕ್ಕು ಹಿಂದೆ ಸರಿಯುವುದೂ ಉಂಟು. ಈ ಕಿಂಡಿಯ ಕಥೆ ಹೇಳುವವರೆಲ್ಲ ಒನಕೆಯನ್ನು ನೆನೆಯುತ್ತಾರೆ. ಆದರೆ ಕಥೆ ಶುರುವಾಗುವುದೇ ಒಂದು ಊಟದಿಂದ.

ಮದಕರಿ ನಾಯಕನ ದುರ್ಗವನ್ನು ಹೈದರಾಲಿಯ ಸೇನೆ ಮುತ್ತಿದ್ದ ಕಾಲ. ದುರ್ಗದವರ ಬಾಯಲ್ಲಿ ಉಳಿದು ಬಂದಿರುವಂತೆ, ಆ ಕಡೆಯ ಕಾವಲು ಕಹಳೆ ಮುದ್ದಹನುಮನದು. ಹಸಿದವನು ಉಣ್ಣಲು ಮನೆಗೆ ಬಂದ. ಕುಡಿಯಲು ನೀರಿಲ್ಲವೆಂದು ಹೆಂಡತಿ ಓಬವ್ವ ಕೊಡ ಹಿಡಿದು ಹೊರಟಳು. ಕಿಂಡಿಯ ಹತ್ತಿರ ಒಳನುಸುಳುತ್ತಿದ್ದ ಹೈದರನ ಸೈನಿಕರ ಪಿಸುಮಾತು ಕೇಳಿಸಿತು. ಓಡಿ ಬಂದು ನೋಡಿದರೆ ಗಂಡ ಇನ್ನೂ ತುತ್ತು ಮುರಿಯುತ್ತಿದ್ದಾನೆ. ಉಣ್ಣುವವನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಮೂಲೆಯಲ್ಲಿದ್ದ ಒನಕೆ ತೆಗೆದುಕೊಂಡಳು. ಮುಂದಿನದನ್ನು 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಇಡೀ ನಾಡಿಗೇ ತೋರಿಸಿದ್ದಾರೆ. ಕೋಟೆ ಕೊನೆಗೂ 1779ರಲ್ಲಿ ಹೈದರನ ಪಾಲಾಯಿತು.

ಈ ಕಥೆಯಲ್ಲಿ ಮುದ್ದಹನುಮನ ಜಾಗಕ್ಕೆ ಇನ್ನೊಬ್ಬ ಬಂದು ನಿಂತ ಮಾತಿಲ್ಲ. ಎಲ್ಲರೂ ಉಣ್ಣುವ ಹೊತ್ತಿನಲ್ಲಿ ಉಣ್ಣಲಾಗದ, ಉಂಡರೆ ಕೆಲಸ ಕೆಡುವ ಮನುಷ್ಯ ಅವನು. ಅಂಥವರು ಈ ಸೀಮೆಯಲ್ಲಿ ಮುಂದೆಯೂ ಇದ್ದರು, ಈಗಲೂ ಇದ್ದಾರೆ.

ಕೋಟೆಯ ಕೆಳಗಿನ ಬಯಲಿನಲ್ಲಿ ಊಟದ ಗಡಿಯಾರ ಬೇರೆಯೇ ಇತ್ತು. ಹೊತ್ತಾರೆ ಎದ್ದು ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದು ಹೊಲಕ್ಕೆ ಹೋದರೆ, ಬಿಸಿಲೇರಿದ ಮೇಲೆ ಮನೆಯಿಂದ ಬುತ್ತಿ ಬರುತ್ತಿತ್ತು. ಮರದ ನೆರಳಲ್ಲಿ ಬಟ್ಟೆ ಬಿಚ್ಚಿದರೆ ರೊಟ್ಟಿಯೋ ಮುದ್ದೆಯೋ, ಜೊತೆಗೊಂದು ಈರುಳ್ಳಿ, ಹುಚ್ಚೆಳ್ಳು ಚಟ್ನಿ. ದನ ಮನೆಗೆ ಬಂದ ಮೇಲೆ ಒಲೆ ಹೊತ್ತಿಸಿ, ಕತ್ತಲು ಗಟ್ಟಿಯಾಗುವ ಮುಂಚೆ ಬಿಸಿ ಮುದ್ದೆ ನುಂಗಿ ಮಲಗುವುದು. ದೀಪದ ಎಣ್ಣೆ ಸುಟ್ಟು ರಾತ್ರಿ ಉಣ್ಣುವ ಸೊಕ್ಕು ಯಾರಿಗಿತ್ತು? ಹಿರಿಯೂರು, ಹೊಳಲ್ಕೆರೆ ಕಡೆಯ ರಾಗಿ, ಹೊಸದುರ್ಗದ ಸಾಮೆ, ಎಲ್ಲಕ್ಕೂ ಇದೇ ವೇಳೆ.

ಕುರಿಯವರದು ಇದಕ್ಕೂ ಆಚೆಯ ಲೆಕ್ಕ. ಮಂದೆ ಮೇಯುವಾಗ ಕುರಿಗಾಹಿ ಉಣ್ಣಲು ಕೂತರೆ ತೋಳಕ್ಕೆ ಹಬ್ಬ. ಕುರಿ ನೆರಳಿಗೆ ಬಂದು ಮೆಲುಕು ಹಾಕುವಾಗ ಬುತ್ತಿ. ರೊಪ್ಪಕ್ಕೆ ಸೇರಿಸಿ, ಎಣಿಸಿ, ಮುಳ್ಳು ಎಳೆದ ಮೇಲೆಯೇ ರಾತ್ರಿಯೂಟ. ಮ್ಯಾಸಬೇಡರ ಹಟ್ಟಿಗಳಲ್ಲಂತೂ ಕೋಳಿ ನಿಷಿದ್ಧ. ಕೋಳಿ ಕೂಗಿ ಬೆಳಗಾಗುವ ಮಾತು ಅಲ್ಲಿ ನಡೆಯದು. ಬೆಳ್ಳಿ ಮೂಡಿದರೆ ಬೆಳಗಾಯಿತು.

ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯನ್ನು ಈಗ ತೂಕ ಇಳಿಸುವವರೆಲ್ಲ ಹಿಡಿದುಕೊಂಡಿದ್ದಾರೆ. ಅಜ್ಜಂದಿರು ತೆಳ್ಳಗಿದ್ದದ್ದು ಈ ಜಾಣತನದಿಂದಲೇ ಎಂದು ನಂಬಿಸುತ್ತಾರೆ. ಈ ಸೀಮೆಯ ಚರಿತ್ರೆ ಬಲ್ಲವರಿಗೆ ಅದನ್ನು ಒಪ್ಪುವುದು ಕಷ್ಟ. ಒಪ್ಪೊತ್ತಿನ ಊಟ ಶ್ರಾವಣ ಸೋಮವಾರದಲ್ಲಿ ವ್ರತ, ಕಣಜ ಬರಿದಾದಾಗ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ನಡುವೆ 1876–78ರ ಕ್ಷಾಮ ಹಾದುಹೋಗಿತ್ತು. ಮಳೆ ನಂಬಿ ಬದುಕುವ ದುರ್ಗದ ಸೀಮೆಯಲ್ಲಿ ಯೋಗಿಗಳಾಗಲು ಯಾರೂ ಅರ್ಜಿ ಹಾಕಿರಲಿಲ್ಲ.

ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟು ಎದ್ದದ್ದು ಆ ಬರದ ಮುಂದಿನ ತಲೆಮಾರಿನಲ್ಲಿ. 1898ರಲ್ಲಿ ಶುರುವಾದ ಕೆಲಸ 1907ಕ್ಕೆ ಮುಗಿಯಿತು. ರಾಜಮಾತೆಯ ಹೆಸರಿನಿಂದ ವಾಣಿವಿಲಾಸ ಸಾಗರವಾಯಿತು. ಕೋಡಿ ಬಿದ್ದದ್ದು 1933ರಲ್ಲಿ. ಮತ್ತೊಮ್ಮೆ ಕೋಡಿ ಹರಿಯುವುದನ್ನು ನೋಡಲು 2022ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಜನ ನೆಲ ಕೊರೆದಿದ್ದರು.

ಊಟದ ಹೊತ್ತು ನಿಜವಾಗಿ ತಲೆಕೆಳಗಾದದ್ದು ಆ ಕೊಳವೆಬಾವಿಗಳಿಂದ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಹಲವು ಕಡೆ ಒಂದು ಪಾಳಿ ರಾತ್ರಿಯದು. ಹೊಳಲ್ಕೆರೆಯ ಅಡಿಕೆ ತೋಟದವನು, ಹೊಸದುರ್ಗದ ದಾಳಿಂಬೆಯವನು ಬ್ಯಾಟರಿ ಹಿಡಿದು, ಹಾವು ಚೇಳಿಗೆ ಹೆದರಿಕೊಂಡು ಸರಿರಾತ್ರಿಯಲ್ಲಿ ನೀರು ಕಟ್ಟುತ್ತಾನೆ. ಸಂಜೆ ಒಮ್ಮೆ ಉಂಡಿರುತ್ತಾನೆ. ನಡುರಾತ್ರಿ ಚಹಾ, ಖಾರಮಂಡಕ್ಕಿ. ಬೆಳಗಿನ ಜಾವ ಮನೆಗೆ ಬಂದು ಚಿತ್ರಾನ್ನ ತಿಂದು ಮಲಗಿದರೆ ಎದ್ದದ್ದು ಮಧ್ಯಾಹ್ನದ ಊಟಕ್ಕೇ. ಬೆಂಗಳೂರು–ಪುಣೆ ಹೆದ್ದಾರಿಯ ಲಾರಿಯವರು ಹಿರಿಯೂರಿನ ಆಸುಪಾಸಿನ ಡಾಬಾಗಳಲ್ಲಿ ರಾತ್ರಿ ಎರಡಕ್ಕೆ ಉಣ್ಣುವುದೂ ಇದೇ ಬಗೆಯ ಊಟ. ಹೊಟ್ಟೆ ಮುಂದೆ ಬಂದು, ತೋಳು ಮಾತ್ರ ತೆಳ್ಳಗೆ ಉಳಿದ ದೇಹಗಳನ್ನು ಆ ಬೆಂಚುಗಳ ಮೇಲೆ ನೋಡಬಹುದು.

ಇದಕ್ಕೆ ಕಾರಣ ಹುಡುಕಿದವರಲ್ಲಿ ಒಬ್ಬರು ಒಡಿಶಾ ಮೂಲದ ಸಚ್ಚಿದಾನಂದ ಪಂಡಾ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಅವರ ತಂಡ ಇಲಿಗಳಿಗೆ ಒಂದೇ ಬಗೆಯ ಕೊಬ್ಬಿನ ಆಹಾರ ಕೊಟ್ಟಿತು. ಹಗಲೂ ರಾತ್ರಿ ಮೆಲ್ಲಿದವು ಕೊಬ್ಬಿದವು. ರಾತ್ರಿಯ ಎಂಟು ಗಂಟೆಗಳ ಅವಧಿಯಲ್ಲೇ ಅಷ್ಟನ್ನೂ ತಿಂದು ಮುಗಿಸಿದವು ಹಾಗೆ ಕೊಬ್ಬಲಿಲ್ಲ. 2012ರ ಈ ವರದಿಯಿಂದ ‘ಎಂಟು ಗಂಟೆಯ ಊಟ’ ಜಗತ್ತಿಗೆಲ್ಲ ಹಬ್ಬಿತು. ಇಲಿಗೆ ರಾತ್ರಿಯೇ ಹಗಲು, ಮನುಷ್ಯನಿಗೆ ಹಾಗಲ್ಲ. ಕತ್ತಲಾದಂತೆ ನಮ್ಮ ಮೈ ಸಕ್ಕರೆಯನ್ನು ಸಂಭಾಳಿಸುವುದರಲ್ಲಿ ಹಿಂದೆ ಬೀಳುತ್ತದೆ. ಬೆಳಿಗ್ಗೆ ಜೀರ್ಣವಾಗುವಷ್ಟು ಸಲೀಸಾಗಿ ಅದೇ ಅನ್ನ ರಾತ್ರಿ ಎರಡಕ್ಕೆ ಆಗದು.

ಆದರೆ ಹೊತ್ತು ಒಂದರಿಂದಲೇ ತೂಕ ಇಳಿಯುತ್ತದೆಯೇ? ಚೀನಾದ ಗುವಾಂಗ್‌ಝೌನಲ್ಲಿ 139 ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಕಡಿಮೆ ತಿಂದವರೆಲ್ಲ ಇಳಿದರು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ತಿಂದವರಿಗೆ ಅದರಿಂದ ಹೆಚ್ಚುವರಿ ಲಾಭವೆನ್ನುವಂಥದ್ದು ಸಿಗಲಿಲ್ಲ. ಹೊಲದ ಅಜ್ಜನನ್ನು ತೆಳ್ಳಗಿಟ್ಟದ್ದು ಗುದ್ದಲಿ ಮತ್ತು ಅಳತೆಯ ಮುದ್ದೆ. ಸೂರ್ಯನದು ಚಿಕ್ಕ ಪಾಲು.

ಚಿಕ್ಕ ಪಾಲೆಂದು ಬಿಡುವಂತೆಯೂ ಇಲ್ಲ. ಅದೇ ವರ್ಷ ಪಂಡಾ ಅವರ ತಂಡ ಸ್ಯಾನ್ ಡಿಯಾಗೋದ 137 ಅಗ್ನಿಶಾಮಕ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿತು. 24 ಗಂಟೆಯ ಪಾಳಿಯವರು, ಮುದ್ದಹನುಮನ ಜಾತಿಯವರು: ತಟ್ಟೆಗೆ ಕೈಯಿಟ್ಟಾಗ ಗಂಟೆ ಬಾರಿಸಬಹುದು. ಹನ್ನೆರಡು ವಾರ, ದಿನಕ್ಕೆ ಹತ್ತು ಗಂಟೆಯ ಒಳಗೆ ಉಣ್ಣುವುದು ಅಂಥವರಿಗೂ ಸಾಧ್ಯವಾಯಿತು. ರಕ್ತದೊತ್ತಡ, ಸಕ್ಕರೆ ಮೊದಲೇ ಹೆಚ್ಚಿದ್ದವರಿಗೆ ಅವು ಸುಧಾರಿಸಿದವು. ನೀರು ಕಟ್ಟುವವನೂ ಇದನ್ನು ಮಾಡಬಹುದು. ಹೊರಡುವ ಮುಂಚೆ ಹೊಟ್ಟೆ ತುಂಬ ಮುದ್ದೆ, ತೋಟದಲ್ಲಿ ನೀರು ಬಿಟ್ಟು ಇನ್ನೇನೂ ಇಲ್ಲ, ನಿದ್ದೆ ಮುಗಿಸಿ ಎದ್ದ ಮೇಲೆ ಊಟ. ಮಧುಮೇಹದ ಮಾತ್ರೆ ನುಂಗುವವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಇಷ್ಟಾದರೂ, ನಡುರಾತ್ರಿ ಎಬ್ಬಿಸಿ ಹೊಲಕ್ಕೆ ಕಳಿಸಿ ‘ಹೊತ್ತಿಗೆ ಸರಿಯಾಗಿ ಉಣ್ಣಪ್ಪಾ’ ಎನ್ನುವುದು ನ್ಯಾಯವಲ್ಲ. ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ಬಯಲಿನಲ್ಲಿ ವರ್ಷದ ಬಹುಪಾಲು ಬಿಸಿಲು ಸುರಿಯುತ್ತಿದೆ. ಪಂಪ್‌ಸೆಟ್‌ಗಳಿಗೆ ಸೌರ ವಿದ್ಯುತ್ತು ಕೊಡುವ ಕುಸುಮ್ ಯೋಜನೆ ಕಾಗದದಿಂದಾಚೆ ಈ ತಾಲ್ಲೂಕುಗಳ ಹೊಲಹೊಲಕ್ಕೂ ಬರಲಿ. ರೈತನಿಗೆ ಹಗಲು ಕರೆಂಟು ಕೊಡಿ.